ತಿಳಿನೀರಿನ ಮೇಡಂ

ಮೊನ್ನೆ ಮುಂಜಾನೆ ಹೆಸರುಕಾಳು ಕಟ್ಟಿಟ್ಟಿದ್ದ ಒದ್ದೆ ಅರಿವೆ ಬಿಚ್ಚಿದೆ. ಮೊಳಕೆಯ ಹಸಿ ವಾಸನೆ ಮೂಗಿಗೆ ಬಡಿಯಿತು. ಪಲ್ಯಕ್ಕೆ ಒಗ್ಗರಣೆ ಹಾಕಲು ನಿಂತವಳು ಒಲೆ ಆರಿಸಿ ಅಲ್ಲೇ ಕುಳಿತುಬಿಟ್ಟೆ. ಇದೇ ವಾಸನೆ ತುಂಬಿದ್ದ ಒಂದು ಪ್ರಯೋಗಾಲಯ, ಅಲ್ಲಿ ನನಗೊಬ್ಬರು ಮೇಡಂ...

ರಾಮದುರ್ಗದಲ್ಲಿ ಬಿಎಸ್ಸಿ ಓದುವಾಗ ಅವರು ನಮಗೆ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿದ್ದರು. ಬೈಲಹೊಂಗಲದವರು, ಅತಿಥಿ ಉಪನ್ಯಾಸಕಿ. ಅವರ ಚೀಲದಲ್ಲಿ ರೊಟ್ಟಿ ಡಬ್ಬಿಯ ಪಕ್ಕದಲ್ಲೇ ಯಾವುದೋ ಗಟಾರದ ಕೆಸರು ತುಂಬಿದ ಬಾಟಲಿ ಇರುತ್ತಿತ್ತು.

ನನ್ನೂರು ಸುರೇಬಾನದ ಕಡೆಯ ಒಂದು ನೇಕಾರರ ಹಳ್ಳಿ. ನೂಲಿಗೆ ಬಣ್ಣ ಹಾಕುವ ಸಣ್ಣ ಕಾರಖಾನೆಯೊಂದು ಅಲ್ಲಿತ್ತು. ಅದರ ನೀರು ಸೇರಿ ಊರ ಹಳ್ಳ ಒಂದು ದಿನ ಕೆಂಪಗೆ ಹರಿದರೆ ಮರುದಿನ ನೀಲಿ. ಅಪ್ಪನೂ ಅಲ್ಲೇ ದುಡಿಯುತ್ತಿದ್ದ. ಹಳ್ಳದ ವಿಷಯ ನಾನು ಹೇಳಿದ ವಾರವೇ ಮೇಡಂ ಬಸ್ಸು ಹತ್ತಿ ಬಂದು, ಸೆರಗು ಸಿಕ್ಕಿಸಿ, ಕೆಸರಿಗೆ ಕೈ ಹಾಕಿದರು.

"ಇದರಾಗ ಇಷ್ಟು ವರ್ಷ ಬದುಕಿದ ಜೀವ ಬಣ್ಣಾನ ತಿಂದು ಬದುಕಿರಬೇಕಲ್ಲವ್ವ."

ಅವರ ಊಹೆ ನಿಜವಾಯಿತು. ವರ್ಷ ತುಂಬುವಷ್ಟರಲ್ಲಿ ಆ ಕೆಸರಿನದೊಂದು ಬ್ಯಾಕ್ಟೀರಿಯಾ, ಗಾಳಿಯಾಡದ ಬಾಟಲಿಯೊಳಗೆ, ಕೆಂಪು ನೀರನ್ನು ಎರಡೇ ದಿನಕ್ಕೆ ತಿಳಿ ಮಾಡಿತು. ಕಾರಖಾನೆಯ ಹಿಂದೆ ಮುಚ್ಚಳದ ಬ್ಯಾರಲ್ಲುಗಳನ್ನಿಟ್ಟು ಅದನ್ನು ಬೆಳೆಸಿ, ಬಣ್ಣದ ನೀರನ್ನು ಅವುಗಳ ಮೂಲಕ ಹಾಯಿಸಿದೆವು. ಹಳ್ಳ ತಿಳಿಯಾಯಿತು. ಊರವರು ಮೇಡಂಗೆ ಶಾಲು ಹೊದಿಸಿ ಹೋಳಿಗೆ ಉಣಿಸಿದರು. ಎಷ್ಟೋ ವರ್ಷಗಳ ಮೇಲೆ ಎಮ್ಮೆಗಳು ಹಳ್ಳಕ್ಕಿಳಿದವು.

ಮೇಡಂಗೆ ಮಾತ್ರ ಸಮಾಧಾನವಿರಲಿಲ್ಲ. ಮೂರು ತಟ್ಟೆಗಳಲ್ಲಿ ಹೆಸರುಕಾಳು ಹಾಕಿಸಿದರು. ಒಂದಕ್ಕೆ ಕುಡಿಯುವ ನೀರು, ಒಂದಕ್ಕೆ ಬಣ್ಣದ ನೀರು, ಇನ್ನೊಂದಕ್ಕೆ ನಮ್ಮ ತಿಳಿನೀರು. ಮೂರನೇ ದಿನ ನಾನೇ ಎಣಿಸಿದೆ. ಬಣ್ಣದ ನೀರಿನಲ್ಲೂ ಅರ್ಧದಷ್ಟು ಕಾಳು ಮೊಳೆತಿದ್ದವು. ತಿಳಿನೀರಿನಲ್ಲಿ ಒಂದೂ ಇಲ್ಲ. ಮತ್ತೆ ಇಟ್ಟೆವು. ಮತ್ತೆ ಅದೇ... ಬಣ್ಣ ಒಡೆದು ಉಳಿದದ್ದು ಬಣ್ಣಕ್ಕಿಂತ ಹೆಚ್ಚು ವಿಷವಾಗಿತ್ತು. ಅದನ್ನು ಅಳಿಸಲು ಗಾಳಿಯೂದುವ ಇನ್ನೊಂದು ತೊಟ್ಟಿ ಬೇಕು, ಇನ್ನಷ್ಟು ಕಾಲ ಬೇಕು ಎಂದರು ಮೇಡಂ.

ಊರ ಕಟ್ಟೆಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡರು. "ತಪ್ಪು ನಂದೈತ್ರಿ. ನೀರು ತಿಳಿ ಆಗೈತಿ, ಚಲೋ ಆಗಿಲ್ಲ. ಬ್ಯಾರಲ್ ಬಂದ್ ಮಾಡ್ರಿ. ಆ ನೀರು ಮುಟ್ಟಬ್ಯಾಡ್ರಿ."

ಕಾರಖಾನೆಯ ಮಾಲೀಕರು ನಕ್ಕರು. "ಕೆಂಪಿದ್ದಾಗೂ ಬೈದ್ರಿ, ತಿಳಿ ಆದ್ರೂ ಬೈತೀರಿ. ಏನ್ ಮಾಡಬೇಕ್ರಿ ನಾವು?"

ಮೇಡಂ ನನ್ನ ಕಡೆ ತಿರುಗಿದರು. "ಕಾಳು ಎಣಿಸಿದಾಕಿ ಈಕಿ ಅದಾಳ್ರಿ. ಹೇಳವ್ವ, ಏನ್ ಕಂಡಿ?"

ಮಾಲೀಕರ ಹಿಂದೆ ಅಪ್ಪ ಕೈಕಟ್ಟಿ ನಿಂತಿದ್ದ. ಅವನ ಮುಖ ನೋಡಿದೆ, ಆಮೇಲೆ ನೆಲ ನೋಡಿದೆ.

"ನನಗ ಅಷ್ಟು ತಿಳಿಯಂಗಿಲ್ರಿ," ಎಂದೆ.

ಮೇಡಂ ಬೈಯಲಿಲ್ಲ. ಬಸ್ಸಿಗೆ ಕಾಯುವಾಗ "ಮನಿಗೆ ಹೋಗವ್ವ, ಅಪ್ಪ ಕಾಯ್ತಿರ್ತಾರ," ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು...

ಮರುವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ಮಾಲೀಕರು ಬ್ಯಾರಲ್ ತೆಗೆಯಲಿಲ್ಲ, ಬದಲಿಗೆ ಇನ್ನೂ ಹೆಚ್ಚಿಸಿದರು. ನೀರಿಗೆ ಬಣ್ಣವಿಲ್ಲದ ಮೇಲೆ ದೂರು ಕೊಡುವವರಿಲ್ಲ, ನೋಡಲು ಬರುವ ಸಾಹೇಬರೂ ಇಲ್ಲ. ಕಾರಖಾನೆಯ ವಿಷವನ್ನು ಮುಚ್ಚಿಡುವ ವಿದ್ಯೆಯನ್ನು ಮೇಡಂ ತಮ್ಮ ಕೈಯಾರೆ ಕಲಿಸಿಕೊಟ್ಟಂತಾಗಿತ್ತು. ಕೆಲವು ಭಾನುವಾರ ಮೇಡಂ ಒಬ್ಬರೇ ಬಂದು, ಹಳ್ಳದ ದಂಡೆಯಲ್ಲಿ ನಿಂತು, ನೀರಿಗೆ ಬಂದವರಿಗೆಲ್ಲ ಬೇಡ ಬೇಡ ಎನ್ನುತ್ತಿದ್ದರು. ಜನ ಹುಚ್ಚು ಮೇಡಂ ಎಂದರು. ಅವರು ಬಂದ ದಿನ ನಾನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆಮೇಲೆ ಅವರೂ ಬರುವುದನ್ನು ಬಿಟ್ಟರು. ಬೈಲಹೊಂಗಲದಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ ಎಂದು ಕೇಳಿದ್ದೆ. ತೀರಿಕೊಂಡ ಸುದ್ದಿ ತಿಂಗಳು ಕಳೆದ ಮೇಲೆ ಬಂತು.

ನಾನೀಗ ಸವದತ್ತಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನಿನ್ನೆ ಮನಸ್ಸು ತಡೆಯದೆ ಊರಿಗೆ ಹೋದೆ. ಹಳ್ಳದಲ್ಲಿ ಹೊಸದಾಗಿ ಮದುವೆಯಾಗಿ ಬಂದಂತಿದ್ದ ಒಬ್ಬಾಕೆ ಕೊಡ ತುಂಬುತ್ತಿದ್ದಳು. ಈ ನೀರು ಒಯ್ಯಬೇಡ, ವಿಷವಿದೆ ಎಂದೆ.

ಆಕೆ ಬೊಗಸೆಯಲ್ಲಿ ನೀರೆತ್ತಿ ನೋಡಿದಳು. "ಇಷ್ಟು ತಿಳಿ ಐತಲ್ರೀ ಅಕ್ಕಾರ. ಯಾರ್ ಹೇಳಿದ್ರು ನಿಮಗ?"

"ಒಬ್ರು ಮೇಡಂ ಇದ್ರವ್ವ," ಎಂದೆ. "ಈಗ ಇಲ್ಲ."

ಆಕೆ ಪಾಪ ಎಂದು ಲೊಚಗುಟ್ಟಿ, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಯತ್ತ ನಡೆದಳು.