ಗುರುಪಾದಪ್ಪನ ಮೂರು ಗುಂಡಿಗಳು

ಬೆಳಗಾವಿಯ ಟಿಳಕವಾಡಿಯ ಖಾಸಗಿ ಎಕ್ಸ್‌ರೇ ದವಾಖಾನೆಯಲ್ಲಿ ಹದಿನೈದು ವರ್ಷ ದುಡಿದನೆಂದು ಗುರುಪಾದಪ್ಪನಿಗೆ ಕಳೆದ ತಿಂಗಳು ಸನ್ಮಾನವಾಯಿತು. ಆತನ ಗುಣಗಳನ್ನು ಕುರಿತು ನಾಲ್ಕು ಸಾಲು ಬರೆದುಕೊಡಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದರು. ಆ ಸಾಲುಗಳನ್ನು ನಾನು ಬರೆಯಲಿಲ್ಲ. ಬರೆಯಬೇಕಾದದ್ದು ಇದು.

ಆತನು ಖಾನಾಪುರದ ಕಡೆಯ ಬೀಡಿ ಎಂಬ ಊರಿನ ಒಕ್ಕಲು ಮನೆತನದವನು. ಬೆವರು, ಸಗಣಿ, ಹಸಿ ಮಣ್ಣುಗಳ ನಡುವೆಯೇ ಬೆಳೆದವನು ಅವುಗಳನ್ನೇ ಕಂಡು ಹೇಸುವಂತಾದುದು ಹೇಗೆಂದು ನನಗೆ ಇಂದಿಗೂ ತಿಳಿಯದು. ಎಪ್ಪತ್ತೆರಡರಲ್ಲಿ ಕೆಲಸಕ್ಕೆ ಸೇರಿ, ಹಿಂದವಾಡಿಯಲ್ಲಿ ಮನೆ ಹಿಡಿದು, ಬಾಗಿಲಿಗೆ ‘ಕ್ಷ-ಕಿರಣ ತಜ್ಞರು’ ಎಂಬ ಹಲಗೆ ತೂಗುಹಾಕಿದ. ತನಗೆ ತಾನೇ ಬಹುವಚನ ದಯಪಾಲಿಸಿಕೊಂಡ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಹಿಡಿದು, ಕೆಮ್ಮುವ ರೈತನಿಗೆ “ಜಳಕಾ ಮಾಡಿ ಬರಬೇಕಿಲ್ಲೋ” ಎನ್ನುವನು. ರೋಗಿಯ ಮೈ ಮುಟ್ಟುವುದು ಆತನಿಗೆ ದಂಡನೆಯಾಗಿತ್ತು.

ಹೆಣ್ಣುಮಕ್ಕಳನ್ನು ಗಂಡಸು ಮುಟ್ಟಿ ನಿಲ್ಲಿಸುವಂತಿರಲಿಲ್ಲವಾದ್ದರಿಂದ ಅಲ್ಲಿ ಸಾತವ್ವನೆಂಬ ಆಯಾ ಇದ್ದಳು. ಅಕ್ಷರ ಬಾರದವಳು. ಆದರೆ ಎದೆಯ ಚಿತ್ರಕ್ಕೆ ಹೆಂಗಸರನ್ನು ನಿಲ್ಲಿಸುವುದರಲ್ಲಿ ಅವಳಿಗೆ ಸಮರಿರಲಿಲ್ಲ. “ಎರಡೂ ಬಾಜು ಕೊಡ ಇಟಗೊಂಡಂಗ ಸೊಂಟಕ್ಕ ಕೈ ಇಡ್ರಿ, ಎವ್ವಾ. ಗುಡ್ಡಾ ಹತ್ತಿ ನಿಂತಂಗ ಉಸುರ ಎಳೀರಿ. ಹಾಂ, ಹಿಡೀರಿ” ಎಂದರೆ ಖಾನಾಪುರದ ಕಾಡಂಚಿನ ಮುದುಕಿಗೂ ತಿಳಿಯುವುದು. ನಮ್ಮ ಲಿಂಗವಂತ ಹೆಂಗಸರ ಕೊರಳಲ್ಲಿ ಲಿಂಗವಿದ್ದರೆ ತಾನು ಮುಟ್ಟಳು. ಅವರ ಕೈಯಿಂದಲೇ ಅದನ್ನು ಎತ್ತಿಸಿ, ಸೆರಗಿನಲ್ಲಿ ಸುತ್ತಿ ತಲೆಯ ಮೇಲೆ ಕಟ್ಟಿಸುವಳು. “ಶಿವಾ ತಲಿಮ್ಯಾಲೆ ಇರ್ಲಿ, ಎದಿ ಒಂದು ಗಳಿಗಿ ನಮಗ ಬಿಡ್ಲಿ” ಎನ್ನುವಳು. ಲಿಂಗವು ಮೈಬಿಟ್ಟು ಹೋಗಲಿಲ್ಲ, ಚಿತ್ರಕ್ಕೂ ಅಡ್ಡವಾಗಲಿಲ್ಲ. ಯಾವ ಶಾಸ್ತ್ರಿಯೂ ಇದಕ್ಕಿಂತ ಚೆನ್ನಾಗಿ ಈ ಗಂಟು ಬಿಡಿಸಲಾರ.

ಎಂಬತ್ಮೂರರಲ್ಲಿ ಮುಂಬಯಿಯಿಂದ ಹೊಸ ಯಂತ್ರ ಬಂತು. ಕಿರಣ ಬಿಡುವ ಕೊಳವೆಯೂ ಫಿಲ್ಮು ಹಿಡಿಯುವ ಚೌಕಟ್ಟೂ ಜೊತೆಯಾಗಿ ಏರಿಳಿದು ತಾವೇ ಎದೆಯ ಮಟ್ಟಕ್ಕೆ ನಿಲ್ಲುವವು. ಗಿಡ್ಡ, ಮಧ್ಯಮ, ಎತ್ತರ ಎಂದು ಮೂರು ಗುಂಡಿಗಳು. ಮನುಕುಲವನ್ನು ಮೂರು ಗುಂಡಿಗಳಲ್ಲಿ ಮುಗಿಸಿದ ಆ ಯಂತ್ರವನ್ನು ಗುರುಪಾದಪ್ಪನು ಹೂ ಏರಿಸಿ ಪೂಜಿಸಿದ; ಇನ್ನು ಗುಂಡಿಗಳಿರುವ ಗಾಜಿನ ಕೋಣೆಯಿಂದ ಏಳಬೇಕಾಗಿಲ್ಲವಲ್ಲ. ಸಾತವ್ವನು ಇನ್ನು ಬೇಡವೆಂದು ಮಾಲೀಕರಾದ ಬಾಳಕೃಷ್ಣ ಡಾಕ್ಟರರಿಗೆ ಹೇಳಿದವನೂ ಆತನೇ. ಅವಳು ಹಿಂದವಾಡಿಯ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕತೊಡಗಿದಳು.

ಆ ವರ್ಷದ ಶ್ರಾವಣದಲ್ಲಿ, ಖಾನಾಪುರದಲ್ಲಿ ನಾನು ನಡೆಸುತ್ತಿದ್ದ ವಾರದ ಪ್ರಾರ್ಥನೆಗೆ ಬರುತ್ತಿದ್ದ ನಿಂಗವ್ವನನ್ನು ನಾನು ಅಲ್ಲಿಗೆ ಕರೆದೊಯ್ದೆ. ಎರಡು ತಿಂಗಳ ಕೆಮ್ಮು. ಮಡಿಲಲ್ಲಿ ಮೊಲೆಯುಣ್ಣುವ ಹೆಣ್ಣುಕೂಸು. ಅವಳ ಗಂಡನಿಗೆ ಹಂಚಿನ ಕಾರಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ. ಕ್ಷಯವೆಂದಾದರೆ ಕೂಸನ್ನು ಅಗಲಿಸಬೇಕಾದೀತೆಂದು ಖಾನಾಪುರದ ವೈದ್ಯರು ಹೇಳಿಯೇ ಕಳಿಸಿದ್ದರು. ಕೂಸನ್ನೆತ್ತಿಕೊಂಡು ಹೊರಗಿನ ಬಾಕಿನ ಮೇಲೆ ಕುಳಿತ ನನಗೆ ಒಳಗಿನ ಮಾತು ಕೇಳುತ್ತಿತ್ತು.

“ಕೊಳ್ಳಾಗಿಂದು ತಗೀರಿ.”

“ಲಿಂಗ ಐತ್ರಿ, ಸಾಹೇಬ್ರ.”

“ಅದನ್ನ ತಗೀರಿ ಅಂದೆ. ಲಿಂಗದ ಬೆಳ್ಳಿ ಕರಡಿಗಿ ಫಿಲ್ಮಿನ್ಯಾಗ ಬೆಳ್ಳಗ ಬೀಳ್ತೈತಿ.”

“ದೀಕ್ಷಾ ಆದಾಗಿಂದ ಮೈ ಬಿಟ್ಟಿಲ್ಲರಿ ಅದು.”

“ಹಂಗಾರ ಎಲ್ಲ್ಯಾರ ಹಿಡ್ಕೊಂಡು ನಿಂದರ್ರಿ. ಮಷೀನಿಗೆ ಎಲ್ಲಾ ತಿಳಿತೈತಿ.”

ಆಮೇಲೆ ತಿಳಿದಂತೆ, ಅವಳು ಎರಡೂ ಮುಷ್ಟಿಗಳಲ್ಲಿ ಲಿಂಗವನ್ನು ಎದೆಯ ಮೇಲ್ಭಾಗಕ್ಕೆ ಒತ್ತಿ ಹಿಡಿದು, ಚೌಕಟ್ಟಿಗೆ ಮುಖಮಾಡಿ ನಿಂತಳು. ಗಾಜಿನ ಹಿಂದಿನವನಿಗೆ ಕಂಡದ್ದು ಬರಿಯ ಬೆನ್ನು. ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಉಳಿದದ್ದೂ ಕಾಣುತ್ತಿತ್ತು. ಆತನು ‘ಮಧ್ಯಮ’ ಒತ್ತಿದ.

ಒದ್ದೆ ಫಿಲ್ಮನ್ನು ಬಾಗಿಲಿಗೆ ತಂದು ಬೆಳಕಿಗೆ ಹಿಡಿದ ಡಾಕ್ಟರರು ಹುಬ್ಬು ಗಂಟಿಕ್ಕಿ, “ಮ್ಯಾಲೆ ಇದೇನೋ, ಗುರುಪಾದಪ್ಪ?” ಎಂದರು.

“ಲಿಂಗರೀ ಸಾಹೇಬ್ರ, ರೋಗ ಅಲ್ಲ.”

“ಖರೇ? ಇನ್ನೊಂದು ತಗಿಯೂಣೇನು?”

“ಯಾಕ್ರಿ? ನಮ್ಮ ಮಷೀನಿನ್ಯಾಗ ಎರಡನೇ ಫಿಲ್ಮ್ ಬೇಕಾಗಂಗಿಲ್ಲ ಅಂತ ಹ್ವಾದ ವಾರ ಪೇಪರಿಗೆ ಕೊಟ್ಟೀವಲ್ಲರಿ.”

ಡಾಕ್ಟರರು ಎದೆಯಲ್ಲಿ ದೋಷವಿಲ್ಲವೆಂದು ಬರೆದರು. ತನ್ನ ಕೊರಳಲ್ಲೂ ಲಿಂಗ ಧರಿಸಿದವನು, ಒಂದು ಫಿಲ್ಮನ್ನೂ ತನ್ನ ಸೋಮಾರಿತನವನ್ನೂ ಉಳಿಸಿಕೊಳ್ಳಲು ಆ ಲಿಂಗವನ್ನೇ ಸಾಕ್ಷಿಗೆ ಕರೆದ. ದೇವರಿಲ್ಲವೆನ್ನುವ ನಾಸ್ತಿಕನೊಡನೆ ನಾನು ಊಟಕ್ಕೆ ಕುಳಿತೇನು. ಇಂಥ ಭಕ್ತನೊಡನೆ ಕುಳಿತುಕೊಳ್ಳಲಾರೆ.

ನಿಂಗವ್ವ ಹಿಗ್ಗಿನಿಂದ ಮನೆಗೆ ಹೋಗಿ ಕೂಸಿಗೆ ಹಾಲೂಡಿದಳು. ಮೂರು ತಿಂಗಳ ಮೇಲೆ ಕೆಮ್ಮಿನಲ್ಲಿ ರಕ್ತ ಬಿತ್ತು.

ತಾಯಿ-ಮಗುವನ್ನು ಕರೆದುಕೊಂಡು ಮತ್ತೆ ಬೆಳಗಾವಿಗೆ ಬಂದಾಗ ನಾನು ಮೊದಲು ಹುಡುಕಿದ್ದು ಸಾತವ್ವನನ್ನು. ಬೂದಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿ, ನಾನು ತಂದಿದ್ದ ಆ ಹಳೆಯ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಳು. “ಎಲವು ಎಣಿಸಬಹುದು ನೋಡ್ರಿ, ಅಣ್ಣಾರ. ಇವು ಕೈ ಬಳ್ಳು. ಎದಿ ಎಲ್ಲೈತಿ ಇದರಾಗ?” ಎಂದು ಕೇಳಿ, ತಿಕ್ಕುತ್ತಿದ್ದ ಪಾತ್ರೆಗಳನ್ನು ಹಾಗೆಯೇ ಬಿಟ್ಟು ನಮ್ಮೊಡನೆ ಹೊರಟಳು.

ದವಾಖಾನೆಯ ಬಾಗಿಲಲ್ಲಿ ಗುರುಪಾದಪ್ಪನು ಕರವಸ್ತ್ರ ತೆಗೆಯದೆಯೇ, “ನಿನ್ನ ಕೆಲಸ ಮಷೀನ್ ಮಾಡತೈತಿ. ಯಾಕ ಬಂದಿ?” ಎಂದ.

“ಅದು ಮಾಡಿದ್ದ ತಂದೇನ್ರಿ. ನೀವಾ ನೋಡ್ರಿ, ಇದು ಯಾರ ಮುಷ್ಟಿ? ಮಷೀನಿಂದೋ, ನಿಮ್ಮದೋ?”

ಡಾಕ್ಟರರು ಹೊರಬಂದು ಫಿಲ್ಮು ನೋಡಿದರು. ಅವರ ಮುಖ ಸಣ್ಣದಾಯಿತು. ಮತ್ತೊಮ್ಮೆ ತೆಗೆಯಲು ಹೇಳಿದರು. ಸಾತವ್ವನು ನಿಂಗವ್ವನಿಂದ ಲಿಂಗವನ್ನು ತಲೆಗೆ ಕಟ್ಟಿಸಿದಳು. ಕೈಗಳನ್ನು ಸೊಂಟಕ್ಕೆ ಇಡಿಸಿದಳು. ಯಂತ್ರ ತಾನಾಗಿ ನಿಂತ ಮೇಲೂ “ಇನ್ನೊಂದು ನಾಕ ಬಳ್ಳ ಮ್ಯಾಲ ಹೋಗಲ್ರಿ” ಎಂದು ಅದನ್ನು ಏರಿಸಿದಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಏರೆಂದರೆ ಏರಿತು, ಅದು ಎಂದೂ ಸುಳ್ಳು ಹೇಳಲಿಲ್ಲ.

ಮೊದಲ ಚಿತ್ರದಲ್ಲಿ ಮುಷ್ಟಿಯಿದ್ದ ಜಾಗದಲ್ಲಿಯೇ, ಬಲಗಡೆ, ನಿಂಬೆಹಣ್ಣಿನಷ್ಟು ಪೊಳ್ಳು ಕಾಣಿಸಿತು. ಕ್ಷಯ.

“ಕೂಸಿಗಿ ಹಾಲು ಕುಡಿಸಾಕತ್ತೀರೇನು?” ಎಂದು ಡಾಕ್ಟರರು ಕೇಳಿದರು.

“ಹೌದ್ರಿ,” ಎಂದಳು ನಿಂಗವ್ವ. “ಏನೂ ಇಲ್ಲಂತ ನೀವಾ ಬರದು ಕೊಟ್ಟಿದ್ರಿ.”

 ಗುರುಪಾದಪ್ಪನು ಫಿಲ್ಮಿನ ಅಂಚು ಹಿಡಿದು ಬೆಳಕಿಗೆ ತಿರುಗಿಸಿ, “ಎಷ್ಟ ಸ್ವಚ್ಛ ಬಂದೈತಿ ನೋಡ್ರಿ. ಮಷೀನಿನ್ಯಾಗ ದೋಷ ಇಲ್ಲರಿ” ಎಂದ. ಸನ್ಮಾನಪತ್ರದಲ್ಲಿ ಹಾಕಬಹುದಾಗಿದ್ದ ಆತನ ಮಾತೆಂದರೆ ಇದೊಂದೇ. ಮರುದಿನವೂ ಆತನು ಅದೇ ಕುರ್ಚಿಯಲ್ಲಿ ಕುಳಿತ. ನಾಲ್ಕು ವರ್ಷಗಳ ಮೇಲೆ ಶಾಲು ಹೊದೆಸಿಕೊಂಡ. ಶಿವನು ಆತನನ್ನು ಕ್ಷಮಿಸಲಿ. ಅದು ಶಿವನ ಕೆಲಸ.

ರೋಗ ಕೂಸಿಗೂ ತಗಲಿತ್ತು. ವರ್ಷವಿಡೀ ಔಷಧಿ ಕುಡಿದು ಉಳಿಯಿತು, ತಾಯಿಯೂ ಉಳಿದಳು. ಆದರೆ ಆ ಸಂಜೆ ಇದಾವುದೂ ನಮಗೆ ತಿಳಿದಿರಲಿಲ್ಲ. ಇಂದಿನಿಂದ ಕೂಸು ಬೇರೆ ಇರಲಿ ಎಂದು ಡಾಕ್ಟರರು ಹೇಳಿದ್ದರು. ಖಾನಾಪುರದ ಬಸ್ಸಿನಲ್ಲಿ ನಿಂಗವ್ವನು ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖಮಾಡಿ ಕುಳಿತಳು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂಸು ಹಸಿದು ಅಳುತ್ತಿತ್ತು. ಟಿಳಕವಾಡಿಯಲ್ಲಿ ಕೊಂಡ ಬಾಟಲಿಯ ಹಾಲನ್ನು ಉಗುಳುತ್ತಿತ್ತು. ಪೀರಣವಾಡಿ ದಾಟಿದರೂ ಅಳು ನಿಲ್ಲಲಿಲ್ಲ. ಅವಳ ಕುಪ್ಪಸದ ಎದೆ ಒದ್ದೆಯಾಗಿ ಸೆರಗಿಗೂ ಇಳಿದಿತ್ತು.

ನಾನು ತಡೆಯಲಾರದೆ, ಒಂದು ಗಳಿಗೆ ಎತ್ತಿಕೊಳ್ಳುತ್ತೀಯೇನು ತಾಯಿ ಎಂದೆ.

ಅವಳು ತಿರುಗಲಿಲ್ಲ. “ಕೊಡಬ್ಯಾಡ್ರಿ, ಅಣ್ಣಾರ,” ಎಂದಳು. “ಕೊಟ್ರ ನಾ ತಗೋತೀನಿ.”