ನೋವಿಲ್ಲದ ತಾಸು

ಬೆಳಕು ಹರಿಯುವ ಮೊದಲು ವಾಣಿಶ್ರೀ ಅತ್ತೆಯ ಒದ್ದೆ ಹಾಸಿಗೆ ಬಟ್ಟೆ ತೆಗೆದು ನೆನೆಹಾಕಬೇಕು. ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಪೌಡರ್ ಹಚ್ಚಬೇಕು. ನಳಕ್ಕೆ ನೀರು ಬಿಟ್ಟ ದಿನವಾದರೆ ಬ್ಯಾರಲ್ ತುಂಬಿಸಬೇಕು. ಗಂಡನ ಡಬ್ಬಿಗೆ ರೊಟ್ಟಿ ಬಡಿಯಬೇಕು. ನಿನ್ನೆ ಬಂದವರು ಕುಡಿದಿಟ್ಟ ಕಪ್ಪು-ಬಸಿ ತೊಳೆದು, ಇವತ್ತು ಬರುವವರಿಗೆ ಹಾಲು ಕಾಯಿಸಿಡಬೇಕು. ನವನಗರದ ಆ ಮನೆಯಲ್ಲಿ ಇದನ್ನು ಯಾರೂ ಕೆಲಸ ಅನ್ನುವುದಿಲ್ಲ. "ವಾಣಿ ಮನ್ಯಾಗ ಇರ್ತಾಳಲ್ಲ" ಅನ್ನುತ್ತಾರೆ.

ಅತ್ತೆ ಮುರಿಗೆವ್ವನ ಕ್ಯಾನ್ಸರ್ ಎಲುಬಿಗೆ ಇಳಿದಿದೆ. ಇನ್ನು ಆಸ್ಪತ್ರೆಗೆ ತರುವುದು ಬೇಡ, ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಮನೆಗೆ ಕಳಿಸಿದ್ದಾರೆ. ಬೆಳಗಿನ ಗುಳಿಗೆ ಹಿಡಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ, ಒಂದು ತಾಸು ಮೈ ಹಗುರಾಗುತ್ತದೆ. ಉಳಿದ ಹೊತ್ತು ತಲೆಗೆ ಕೈ ತಾಗಿದರೂ ಚೀರುತ್ತಾಳೆ.

ಆ ತಾಸನ್ನು ವಾಣಿಶ್ರೀಯ ಗಂಡ ಬಸವಪ್ರಭು ಬಳಗಕ್ಕೆ ಹಂಚಿಬಿಟ್ಟಿದ್ದ. "ಅವ್ವ ಹತ್ತಕ್ಕ ಆರಾಮ ಇರ್ತಾಳ, ಆವಾಗ ಬರ್ರಿ" ಎಂದು ಎಲ್ಲರ ಮೊಬೈಲಿಗೂ ಕಳಿಸಿ, ತಾನು ದುರ್ಗದಬೈಲಿನ ಬಟ್ಟೆ ಅಂಗಡಿಗೆ ಹೋಗುತ್ತಿದ್ದ.

ಸೋಮವಾರ ಮುರಿಗೆವ್ವ ತಾನಾಗಿಯೇ ಕೇಳಿದಳು. "ತಲಿ ಹಿಕ್ಕವಾ. ಭಾಳ ತುರಸಾಕತ್ತೇತಿ. ಹೆಣಾ ಆಗೂದಕ್ಕಿಂತ ಮೊದಲ ಒಮ್ಮೆರ ನೆಟ್ಟಗ ಕಾಣ್ತೇನಿ."

ವಾಣಿಶ್ರೀ ಬಾಚಣಿಗೆ ತರುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಅತ್ತೆಯ ನಾದಿನಿ ಕಾವೇರಿ, ಜೊತೆಗೆ ಇನ್ನಿಬ್ಬರು. ವಾಣಿಶ್ರೀ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು.

"ಅಯ್ಯ, ವೈನಿ ತಲಿ ನೋಡ್ರಿ, ಗುಬ್ಬಿ ಗೂಡಾಗೇತಿ!" ಕಾವೇರಿಯ ದನಿ ಒಳಗೆ ಕೇಳಿಸಿತು. "ಬಂದಾಗಿಂದ ನೋಡಾಕತ್ತೇನಿ, ಸೊಸಿ ಬಾಜೂಕ ಒಂದು ಗಳಿಗಿ ಕುಂತಿಲ್ಲ. ವಾಣಿ, ನನಗ ಸಕ್ಕರಿ ಜಾಸ್ತಿ ಇರ್ಲೆವಾ!"

"ಆಕಿ ಕುಂತ್ರ ಚಾ ಯಾರ ಮಾಡ್ಬೇಕ? ನೀ ಮಾಡ್ತೀ?" ಅಂದಳು ಮುರಿಗೆವ್ವ. ಎಲ್ಲರೂ ನಕ್ಕರು. ಅವರು ಎದ್ದು ಹೋಗುವ ಹೊತ್ತಿಗೆ ನೋವು ತಿರುಗಿ ಬಂದಿತ್ತು.

ರಾತ್ರಿ ಗಂಡ ಊಟಕ್ಕೆ ಕೂತಾಗ ವಾಣಿಶ್ರೀ ಹೇಳಿದಳು, "ಆ ಹೊತ್ತಿನ್ಯಾಗ ಮಂದಿ ಬ್ಯಾಡರಿ."

"ಕಡೀ ಸಲ ನೋಡಾಕ ಬರೋರಿಗೆ ಬ್ಯಾಡ ಅಂತ ಹೆಂಗ ಹೇಳ್ಲಿ? ಒಂದು ಕಪ್ ಚಾ ಅಷ್ಟ ಅಲ್ಲ?"

ಮರುದಿನ ಗುಳಿಗೆ ಹಿಡಿದ ಕೂಡಲೇ ಅವಳು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ, ಕೂದಲಿನ ಗಂಟುಗಳನ್ನು ಬೆರಳಿನಿಂದ ಬಿಡಿಸತೊಡಗಿದಳು. ಮುರಿಗೆವ್ವನ ಕುತ್ತಿಗೆ ಸಡಿಲಾಯಿತು, ಕಣ್ಣು ಅರೆಮುಚ್ಚಿದವು.

ಬಾಗಿಲ ಗಂಟೆ. "ವಾಣೀ, ನಾ ಮಹಾಂತಯ್ಯ ಕಾಕಾ. ಬಾಗಲಾ ತಗೀವಾ." ಗಂಡನ ಸ್ವಂತ ಕಾಕಾ, ಮನೆತನದ ಹಿರಿಯ. ಹಾಸಿಗೆಯ ಮೇಲಿದ್ದ ಮೊಬೈಲಿನಲ್ಲಿ ಗಂಡನ ಹೆಸರು ಮಿನುಗತೊಡಗಿತು.

ಹಿರಿಯರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರೆ ಅತ್ತೆಯ ಮಣ್ಣಿಗೆ ಬಂದವರೂ ಅದನ್ನೇ ಆಡುತ್ತಾರೆ. ಆಮೇಲೆ ಎಷ್ಟೋ ವರ್ಷ ಆಡುತ್ತಾರೆ. ಆ ಮಾತು ಬಸವಪ್ರಭುವಿನ ಮೇಲಲ್ಲ, ತನ್ನ ಮೇಲೆಯೇ ಬರುತ್ತದೆ. ವಾಣಿಶ್ರೀಗೆ ಇದೆಲ್ಲ ಗೊತ್ತಿತ್ತು. ಅತ್ತಿ ಮಲಗ್ಯಾರ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮೊಬೈಲು ಮಗುಚಿ ಇಟ್ಟಳು.

"ಅತ್ತಿ ತಲಿ ಹಿಕ್ಕಾಕತ್ತೇನ್ರಿ ಕಾಕಾ. ಇವತ್ತ ಬಾಗಲಾ ತಗಿಯಂಗಿಲ್ರಿ," ಎಂದು ಕೂತಲ್ಲಿಂದಲೇ ಹೇಳಿ, ಮುಂದಿನ ಗಂಟಿಗೆ ಕೈ ಹಾಕಿದಳು.