ಅರವತ್ತನೆಯ ಚೌಕದ ಕೆಂಪು ಗೆರೆ

ತಂಗಿಯ ಮೊಮ್ಮಗಳು ಪಲ್ಲವಿಯ ಲ್ಯಾಪ್‌ಟಾಪಿನ ಪರದೆಯ ಬಲಬದಿಗೆ ಕೂದಲೆಳೆಯಂಥ ಬೂದು ಗೆರೆಯೊಂದಿದೆ. ಪ್ರೋಗ್ರಾಮಿನ ಸಾಲು ಅದನ್ನು ದಾಟಕೂಡದಂತೆ. ಗೆರೆ ಎಂಬತ್ತನೆಯ ಅಕ್ಷರಕ್ಕಿರಬೇಕೋ ನೂರಿಪ್ಪತ್ತಕ್ಕೋ ಎಂದು ಅವಳ ಆಫೀಸಿನವರು ಬೆಳಗಿನಿಂದ ಫೋನಿನಲ್ಲಿ ವಾಗ್ಯುದ್ಧ ನಡೆಸಿದ್ದಾರೆ. ಕಾನ್ವೆಂಟಿನ ಸಿಸ್ಟರ್‌ಗಳು "ಶಾರ್ಟ್ ಸೆಂಟೆನ್ಸಸ್, ಚೈಲ್ಡ್" ಎಂದು ಬೆರಳ ಗಂಟಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದರೂ ಪೂರ್ಣವಿರಾಮಕ್ಕೆ ಕೈಯೇಳದ ನಾನು ಇದರಲ್ಲಿ ಬಾಯಿ ಹಾಕಬಾರದು. ಆದರೂ ಓದುಗ ಮಿತ್ರರೇ, ಎಂಬತ್ತರ ದಶಕದ ಬಾಗಲಕೋಟೆಯಲ್ಲಿ ಇದೇ ಜಗಳವನ್ನು ನಾನು ಮನಸಾರೆ ಆಡಿದವಳು.

ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಪ್ರೋಗ್ರಾಮಿಂಗ್ ಕಲಿಸಲು ನಾವಿಬ್ಬರೇ: ಗಣಿತದ ಹಿರಿಯ ಅಧ್ಯಾಪಕಿ ಶಾಂತಕ್ಕ ಮತ್ತು ನಾನು. ವಿದ್ಯಾರ್ಥಿಗಳು ಚೌಕುಳಿ ಹಾಳೆಯಲ್ಲಿ ಚೌಕಕ್ಕೊಂದು ಅಕ್ಷರದಂತೆ ಬರೆದು ತರಬೇಕು. ನಮ್ಮ ಸಹಿ ಬಿದ್ದ ಮೇಲೆಯೇ ಯಂತ್ರದರ್ಶನ. ಯಂತ್ರ ಎಪ್ಪತ್ತೆರಡನೆಯ ಚೌಕದವರೆಗೆ ಓದುತ್ತಿತ್ತು. ಶಾಂತಕ್ಕ ಮಾತ್ರ ಅರವತ್ತಕ್ಕೇ ಕೆಂಪು ಪೆನ್ಸಿಲಿನ ಗೆರೆ ಎಳೆದು, ಅದನ್ನು ದಾಟಿದ ಹಾಳೆಯನ್ನು ಓದದೆಯೇ ಹಿಂದಿರುಗಿಸುವರು. ಗೆರೆಗಾಗಿ ಸಮೀಕರಣದ ನಡು ಮುರಿಯುವುದು ನನ್ನ ಸೌಂದರ್ಯಪ್ರಜ್ಞೆಗೆ ಒಗ್ಗದು; ನನ್ನ ಪಟ್ಟು ಎಪ್ಪತ್ತೆರಡಕ್ಕೆ.

"ಯಂತ್ರಕ್ಕಿಲ್ಲದ ಮಡಿ ನಿಮಗ್ಯಾಕ್ರಿ ಅಕ್ಕಾರ?" ಎಂದರೆ, ಇಳಕಲ್ಲಿನ ಆ ಮಗಳು, "ಸೀರಿ ಉದ್ದ ಐತಂತ ಯಾರರ ಬೀದಿಗುಂಟ ಎಳಕೊಂಡು ಹೋಗ್ತಾರೇನವಾ? ನಿರಿಗಿ ಹಿಡೀಬೇಕು" ಎನ್ನುವರು. ಸೋಮವಾರ ಎಲ್ಲರಿಗೂ ಒಂದೇ ನಿಯಮ ಮಾಡುವುದಾಗಿ ಪ್ರಿನ್ಸಿಪಾಲರು ಸಾರಿದರು. ನಾನು ಇಂಗ್ಲಿಷಿನಲ್ಲಿ ಭಾಷಣ ಸಿದ್ಧಪಡಿಸಿಕೊಂಡೆ.

ಶನಿವಾರ ನಾನು ಹುನಗುಂದಕ್ಕೆ, ಅವರು ಇಳಕಲ್ಲಿಗೆ ಒಂದೇ ಬಸ್ಸಿನಲ್ಲಿ ಹೋಗುವ ರೂಢಿ. ಆ ಶನಿವಾರ ಶಾಂತಕ್ಕ ಮುಂದೆ ಓಡಿ ಸೀಟು ಹಿಡಿದು ಕುಳಿತೇಬಿಟ್ಟರು.

"ಇಳೀರಿ ಅಕ್ಕಾರ, ಇದು ಬಾದಾಮಿ ಬಸ್ಸು."

"ಹೌದೇನು? ಬಾದಾಮಿಯೊಳಗ ಮಂಗ್ಯಾ ಭಾಳ ಅದಾವು, ನಿನಗ ಜೋಡಿ ಸಿಗತಾವಂತ ಹತ್ತಿದ್ದೆ."

ನಕ್ಕೆವು. ಆದರೆ ಬಸ್ಸಿನ ಬೋರ್ಡಿನ ಅಕ್ಷರಗಳು ಗೇಣುದ್ದವಿದ್ದವು. ಇಳಿದು ಹತ್ತಿದ ಇಳಕಲ್ ಬಸ್ಸು ಅಮೀನಗಡದಲ್ಲಿ ನಿಂತಾಗ, ಆ ಊರಿನ ಅಂಟಂಟು ಸಿಹಿ ಕರದಂಟಿನ ತುಂಡೊಂದನ್ನು ನನ್ನ ಕೈಗಿಟ್ಟು ಅವರೇ ಹೇಳಿದರು: "ಕಣ್ಣಾಗ ಪೊರಿ ಬಂದೈತಿ ತಂಗಿ. ಸಾಲಿನ ತುದೀ ತನಕ ಹೋಗಿ ತಿರುಗಿ ಬರೂದ್ರಾಗ ಮುಂದಿನ ಸಾಲು ಕಳಕೊಂತೇನಿ. ಗಿಡ್ಡ ಇದ್ರ ಸಿಗತಾವು. ಪ್ರಿನ್ಸಿಪಾಲರಿಗೆ ತಿಳದ್ರ ಈ ಕ್ಲಾಸು ಬಿಡಸ್ತಾರ. ಬ್ಯಾಸಗಿ ಸೂಟ್ಯಾಗ ಆಪರೇಶನ್ ಮಾಡಿಸ್ತೇನಿ, ಅಲ್ಲೀ ತನಕ ಬಾಯಿ ಮುಚ್ಕೊಂಡಿರು."

ಬಾಯಲ್ಲಿ ಕರದಂಟಿತ್ತು. ಮುಚ್ಚಿಕೊಂಡೇ ಇದ್ದೆ.

ಸೋಮವಾರ ಎದ್ದುನಿಂತು ಅರವತ್ತೇ ಸರಿ ಎಂದೆ. "ಮೊನ್ನಿ ತನಕ ಎಪ್ಪತ್ತೆರಡು ಅಂತಿದ್ರಲ್ರಿ ಮೇಡಂ?" ಎಂದು ಪ್ರಿನ್ಸಿಪಾಲರು ಹುಬ್ಬೇರಿಸಿದರು. "ನಿರಿಗಿ ಹಿಡದು ನೋಡಿದೆ ಸರ್, ಛೊಲೋ ಕಾಣ್ತೈತಿ" ಎಂದೆ. ಶಾಂತಕ್ಕ ಸೆರಗಿನಂಚಿನಿಂದ ಕನ್ನಡಕ ಒರೆಸುತ್ತ ಕುಳಿತಿದ್ದರು. ಆ ವರ್ಷ ಪೂರ್ತಿ ತಮ್ಮ ಕ್ಲಾಸನ್ನು ಅವರೇ ಕಲಿಸಿದರು; ಬೇಸಿಗೆ ಕಳೆದು, ಸೋಡಾ ಬಾಟಲಿಯ ತಳದಂಥ ಹೊಸ ಕನ್ನಡಕದೊಂದಿಗೆ ಬಂದ ಮೇಲೂ ಕೆಂಪು ಗೆರೆಯನ್ನು ಒಂದು ಚೌಕವೂ ಬಲಕ್ಕೆ ಸರಿಸಲಿಲ್ಲ.

"ನೀನರ ಹೇಳಜ್ಜಿ, ಎಂಬತ್ತೋ, ನೂರಿಪ್ಪತ್ತೋ?" ಪಲ್ಲವಿ ಈಗ ಫೋನಿಟ್ಟು ಕೇಳುತ್ತಿದ್ದಾಳೆ.

"ಗಿಡ್ಡ ಸಾಲು ಬೇಕನ್ನಾವರು ಯಾರು ನಿಮ್ಮೊಳಗ?"

"ಒಬ್ಬರ ಅದಾರ, ನಮ್ಮ ಸೀನಿಯರ್ ಮೇಡಂ. ಭಾಳ ಹಟಮಾರಿ."

"ಹಂಗಾದ್ರ ಗೆರಿ ಅವರ ಕಡೆ ಸರಸು."

ಅವಳು ವಿಚಿತ್ರವಾಗಿ ನೋಡಿ, ಏನೋ ಒತ್ತಿದಳು. ಬೂದು ಗೆರೆ ಎಡಕ್ಕೆ ಸರಿದು ನಿಂತಿತು. ನನ್ನ ಕಣ್ಣಿಗೆ ಅದು ಕೊಂಚ ಕೆಂಪಗೇ ಕಂಡಿತು, ನನಗೂ ವಯಸ್ಸಾಯಿತಲ್ಲ.